ಹುಲಿಗೆಮ್ಮ, ಕಿಸೆ

ಶನಿವಾರ ಬಟವಾಡೆ.
ಬಳ್ಳಾರಿ, ಕೌಲ್ ಬಜಾರಿನ ನಮ್ಮ ಜೀನ್ಸ್ ಶೆಡ್ಡಿನಲ್ಲಿ
ಮೂವತ್ತೊಂದು ಹೊಲಿಗೆಯಂತ್ರ, ಒಂದು ಕಂಪ್ಯೂಟರು,
ನಾಲ್ವರು ಹುಲಿಗೆಮ್ಮಂದಿರು.

ಹಳೆಯ ಸಾಫ್ಟ್‌ವೇರಿಗೆ ಅವರು
ಹುಲಿಗೆಮ್ಮ ಒಂದು, ಎರಡು, ಮೂರು, ನಾಕು.
ಜೈಲಿನ ಹಾಜರಿ ಇದ್ದ ಹಾಗೆ.
ಎರಡರ ದುಡ್ಡು ಮೂರಕ್ಕೆ ಹೋದ ವಾರ
ಎರಡು ಬಾಗಿಲಲ್ಲೇ ನಿಂತಿದ್ದಳು
ಸೆರಗಿಗೆ ಅಂಟಿದ ನೂಲು ಒಂದೊಂದೇ ಕೀಳುತ್ತ.
ಜಗಳಾಡಿದ್ದರೆ ಚೆನ್ನಾಗಿತ್ತು.

ಯುಗಾದಿ ಹೊತ್ತಿಗೆ ಹೊಸದು ಬಂತು.
ಬೆಲೆ ಕೇಳಿ ಸಾವ್ಕಾರ್ರು ಫ್ಯಾನು ಜೋರು ಮಾಡಿಕೊಂಡರು.
“ಹಳೇದು ಕೂಡೋದು ಮರ್ತಿತ್ತೇನಮ್ಮಾ?”
ಕೂಡುವುದು ಎಲ್ಲಕ್ಕೂ ಬರುತ್ತದೆ, ಸಾವ್ಕಾರ್ರೆ.

ಸೋಮವಾರ ಕೂತು ಶನಿವಾರದ ಚೀಟಿ ಬರೆಯುವಾಗ
ಇದು ನನ್ನ ಜುಟ್ಟು ಹಿಡಿದು
ಚೀಟಿಗೊಮ್ಮೆ ಇವತ್ತಿಗೆ ಎಳೆದು ತರುವುದಿಲ್ಲ.
ಶನಿವಾರದಲ್ಲೇ ಇರಲು ಬಿಡುತ್ತದೆ.
ಮೊತ್ತದ ಮನೆಯಲ್ಲೇ ನಲವತ್ತೆರಡು ಇಂಟು ಆರೂವರೆ ಒತ್ತಿದರೆ
ಇನ್ನೂರ ಎಪ್ಪತ್ತಮೂರು ಅಂತ ಸುಮ್ಮನಾಗುತ್ತದೆ.
ಮೊದಲು ಅಂಗೈ ಮೇಲೆ ಗುಣಿಸುತ್ತಿದ್ದೆ, ನೀಲಿ ಪೆನ್ನಲ್ಲಿ.
ಈ ಶೆಡ್ಡಿನಲ್ಲಿ ಎಲ್ಲರ ಕೈಯೂ ನೀಲಿಯೇ.
ಅವರದು ಬಟ್ಟೆ ಬಿಟ್ಟ ಬಣ್ಣ.

ಸೊನ್ನೆಗಳ ನಡುವಿನ ಚುಕ್ಕೆ
ನಮ್ಮ ಬಾಯಿ ನಿಲ್ಲುವ ಕಡೆಯೇ ನಿಲ್ಲುತ್ತದೆ,
ಲಕ್ಷಕ್ಕೊಂದು ಉಸಿರು, ಸಾವಿರಕ್ಕೊಂದು.
ಕುಡತಿನಿಯಲ್ಲಿ ಹುಟ್ಟಿದ ಕರೆಂಟು
ಕೂಗಳತೆಯ ನಮ್ಮ ಓಣಿ ಮರೆತು
ಯಾವ ಯಾವ ಊರೋ ತಿರುಗಿ ಬಂದಾಗ,
ಬಿಟ್ಟ ಅಂಕಿಯ ಪಕ್ಕದಲ್ಲೇ
ಸಣ್ಣ ಗೆರೆಯೊಂದು ಕಣ್ಣು ಮಿಟುಕಿಸುತ್ತ ಕಾದಿರುತ್ತದೆ.

ಮತ್ತೆ, ಹೆಸರಿನ ಕೆಳಗೆ ಒಂದು ಖಾಲಿ ಮನೆ.
‘ಗುರುತು’ ಅಂತಿದೆ. ತುಂಬಲೇಬೇಕೆಂಬ ಹಟವಿಲ್ಲ.
ಅದನ್ನು ಕಂಡದ್ದೇ ಬಾಷಾ ಮಾಮು ನೆನಪಾದರು.
ಅವರ ಕೆಂಪು ವಹಿಯ ಅಂಚಿನಲ್ಲಿ
ಒಬ್ಬ ಹುಲಿಗೆಮ್ಮನ ಎದುರು ಗುಂಡಿ,
ಇನ್ನೊಬ್ಬಳ ಎದುರು ಕತ್ತರಿ ಬರೆದಿರುತ್ತಿತ್ತು.
ಮುದುಕರ ಚಾಳಿ ಅಂತ ನಗುತ್ತಿದ್ದೆವು.
ಈ ಮನೆ ಕಟ್ಟಿದವರು ಯಾರೋ ಏನೋ,
ಒಂದೇ ದೇವಿಗೆ ಹರಕೆ ಹೊತ್ತ ನಾಕು ಬಾಗಿಲು
ಅವರ ಓಣಿಯಲ್ಲೂ ಇದ್ದಿರಬೇಕು.

ತುಂಬಿದೆ.
ಹುಲಿಗೆಮ್ಮ, ಜಿಪ್ಪು.
ಹುಲಿಗೆಮ್ಮ, ಕಾಜಾ.
ಹುಲಿಗೆಮ್ಮ, ಸಿರಗುಪ್ಪ. ಅವಳಿಗೆ ಎಲ್ಲ ಕೆಲಸವೂ ಬರುತ್ತದೆ,
ಊರೊಂದೇ ಉಳಿದಿತ್ತು.
ಎರಡು ಅಂತಿದ್ದವಳು ಹುಲಿಗೆಮ್ಮ, ಕಿಸೆ.
ದೊಡ್ಡ ಕಿಸೆಯ ಬಾಯಿಗೆ ಆ ಮರಿಕಿಸೆ ಕೂರಿಸುವವಳು,
ಎರಡು ಬೆರಳು ಇಳಿದರೆ ಹೆಚ್ಚು.
ಯಾಕಿದೆಯೋ ತೊಟ್ಟವರಿಗೂ ಗೊತ್ತಿಲ್ಲ.
ಇಲ್ಲದಿದ್ದರೆ ಮಾಲು ವಾಪಸ್ಸು.

ಹೋದ ಶನಿವಾರ ಚೀಟಿ ಹಿಡಿದು ವಾಪಸ್ಸು ಬಂದಳು.
ಎದೆ ಧಸಕ್ಕೆಂದಿತು. ದುಡ್ಡು ಸರಿ ಇತ್ತು.
“ಅಕ್ಕಾರೆ, ಇದು ಕಿಸೆ ಅಂತ ಐತಂತ, ಮಗಳು ಓದಿದ್ಲು.
ನಾ ಕಿಸೆ ಬಿಟ್ಟು ಆರು ತಿಂಗ್ಳಾತು.
ಈಗ ಬೆಲ್ಟಿನ ಪಟ್ಟಿ ಹೊಲ್ಯಾಕತ್ತೀನಿ.”

ಆರು ತಿಂಗಳು ರೇಟು ಬದಲಿಸಿದ್ದೆ, ಅವಳನ್ನು ಬದಲಿಸಿರಲಿಲ್ಲ.
ಕಿಸೆ ಅಳಿಸಿದೆ. ಪಟ್ಟಿ ಅಂತ ಒತ್ತಿದೆ.
ತಕ್ಷಣ ಉಳಿಸಿಕೊಳ್ಳಲಿಲ್ಲ ಅದು,
ತಡೆದು ಒಂದು ಮಾತು ಕೇಳಿತು.
ಪರದೆ ಮುಂದೆ ನಾನೂ ತಡೆದೆ.

“ಏನ್ ಕೇಳಾಕತ್ತೈತಿ?”
“ಇವತ್ತಿಂದ ಬದಲಿಸ್ಲೋ, ಮೊದಲಿಂದ್ಲೂ ಬದಲಿಸ್ಲೋ ಅಂತ.”

ಹಿಂದೆ ಯಂತ್ರಗಳು ಒಂದೊಂದೇ ಆರುತ್ತಿದ್ದವು.
ಅವಳು ನೋಟುಗಳನ್ನು ಮತ್ತೊಮ್ಮೆ ಎಣಿಸಿ
ರವಿಕೆಯೊಳಗೆ ಇಟ್ಟುಕೊಂಡಳು.

“ಇವತ್ತಿಂದಾನೇ ಹಾಕ್ರಿ.
ಅಷ್ಟು ವರ್ಷ ಕಿಸೆ ಹೊಲ್ದಿದ್ದು ಸುಳ್ಳೇನಲ್ಲಲ್ಲ.”